ಸೂಕ್ಷ್ಮ ಪ್ರಕರಣಗಳೊಂದಿಗೆ ಸ್ಥಳೀಯ ಪತ್ರಕರ್ತರ ಬಳಿ ಹೋಗುವುದು: ಸೇವಾ ಸಂಸ್ಥೆಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೌಟುಂಬಿಕ ದೌರ್ಜನ್ಯ, ಮಕ್ಕಳ ಮೇಲಿನ ಲೈಂಗಿಕ ಕಿರುಕುಳ, ಆತ್ಮಹತ್ಯೆ, ಎಚ್‌ಐವಿ, ಮಾನಸಿಕ ಕಾಯಿಲೆ, ವ್ಯಸನ, ಮಾನವ ಕಳ್ಳಸಾಗಣೆ ಮುಂತಾದ ವಿಷಯಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗಾಗಿ ಈ ಪುಟ. ಒಳ್ಳೆಯ ವರದಿಯೊಂದು ಬಂದರೆ ಅದೇ ಕಷ್ಟದಲ್ಲಿರುವ ಇನ್ನೊಬ್ಬರಿಗೆ ದಾರಿ ಕಾಣುತ್ತದೆ, ಮೂಲೆ ಸೇರಿದ್ದ ಕಡತ ಮೇಜಿನ ಮೇಲೆ ಬರುತ್ತದೆ. ವರದಿ ಎಡವಿದರೆ ಪೆಟ್ಟು ಬೀಳುವುದು ಸಂಸ್ಥೆಗಲ್ಲ, ಪತ್ರಕರ್ತರಿಗೂ ಅಲ್ಲ, ನಮ್ಮನ್ನು ನಂಬಿ ಬಾಯಿಬಿಟ್ಟವರಿಗೆ. ಕೆಳಗಿನ ಉತ್ತರಗಳನ್ನೆಲ್ಲ ಅವರನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆಯಲಾಗಿದೆ.

ಪತ್ರಕರ್ತರಿಗೆ ಫೋನ್ ಮಾಡುವ ಮುನ್ನ ಸಂಸ್ಥೆಯೊಳಗೆ ಏನು ತೀರ್ಮಾನವಾಗಿರಬೇಕು?

ಈ ಸುದ್ದಿಯಿಂದ ಏನಾಗಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ರಾತ್ರಿ ಹೊತ್ತು ಆಶ್ರಯ ಕೇಂದ್ರ ತೆರೆದಿರಬೇಕು" ಎಂಬುದು ಸರಿಯಾದ ಉತ್ತರ. "ನಮ್ಮ ಕೆಲಸ ಜನರಿಗೆ ಗೊತ್ತಾಗಬೇಕು" ಎಂಬುದಷ್ಟೇ ಉದ್ದೇಶವಾದರೆ ಅದಕ್ಕೆ ಒಬ್ಬರ ನೋವನ್ನು ಬಳಸಬೇಡಿ. ಹೊಸ ಸೇವೆಯ ಆರಂಭವನ್ನೋ ವಾರ್ಷಿಕ ವರದಿಯನ್ನೋ ಇಟ್ಟುಕೊಂಡು ಸುದ್ದಿ ಮಾಡಬಹುದು.

ಎರಡನೆಯದಾಗಿ, ಇದಕ್ಕೆ ಒಬ್ಬ ವ್ಯಕ್ತಿಯ ಕಥೆ ಬೇಕೇ ಬೇಕೇ ಎಂದು ಯೋಚಿಸಿ. ಎಷ್ಟೋ ಸಲ ಬೇಕಾಗುವುದಿಲ್ಲ. ಆರು ತಿಂಗಳಲ್ಲಿ ಬಂದ ಪ್ರಕರಣಗಳಲ್ಲಿ ಎಷ್ಟರಲ್ಲಿ ದೂರು ದಾಖಲಾಗುವುದು ತಡವಾಯಿತು ಎಂಬ ಲೆಕ್ಕ, ಒಬ್ಬ ವಕೀಲರ ಅಭಿಪ್ರಾಯ, ನಿಮ್ಮ ವಕ್ತಾರರ ವಿವರಣೆ ಇಷ್ಟರಲ್ಲೇ ಗಟ್ಟಿ ವರದಿಯಾಗುತ್ತದೆ. ಲೆಕ್ಕ ಕೊಡುವಾಗಲೂ ಎಚ್ಚರ ಬೇಕು. ಒಂದು ಪುಟ್ಟ ಊರಿನಲ್ಲಿ "ಇಬ್ಬರು" ಎಂದರೆ ಅದು ಅಂಕಿ ಅಲ್ಲ, ಇಬ್ಬರ ಗುರುತು. ಸಂಖ್ಯೆ ಐದಕ್ಕಿಂತ ಕಡಿಮೆಯಿದ್ದರೆ ಅಕ್ಕಪಕ್ಕದ ಪ್ರದೇಶಗಳನ್ನು ಸೇರಿಸಿ, ಇಲ್ಲವೇ ಅವಧಿಯನ್ನು ಹಿಗ್ಗಿಸಿ ಕೊಡಿ.

ಮಾತನಾಡುವವರು ಒಬ್ಬರೇ ಇರಲಿ. ಪ್ರಕರಣವನ್ನು ನೋಡಿಕೊಳ್ಳುವ ಕಾರ್ಯಕರ್ತರನ್ನೇ ವಕ್ತಾರರನ್ನಾಗಿ ಕೂರಿಸಬೇಡಿ. ಅವರಿಗೆ ಎಲ್ಲವೂ ಗೊತ್ತಿರುವುದರಿಂದ ಮಾತಿನ ಭರದಲ್ಲಿ ಒಂದಾದರೂ ವಿವರ ಜಾರುತ್ತದೆ. ತಮ್ಮ ಕಷ್ಟ ಕೇಳಿದವರೇ ಟಿವಿಯಲ್ಲಿ ಕಾಣಿಸಿಕೊಂಡರೆ ಸಂತ್ರಸ್ತರು ಮತ್ತೆ ಆ ಕಚೇರಿಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾರೆ. ವಕ್ತಾರರ ಕೈಗೆ ಒಂದು ಪುಟದ ಟಿಪ್ಪಣಿ ಕೊಡಿ: ಹೇಳಬಹುದಾದದ್ದು, ಹೇಳಬಾರದ್ದು, ನಮಗೇ ಇನ್ನೂ ಖಚಿತವಾಗದ್ದು, ಪ್ರಕರಣ ಪೊಲೀಸರ ಬಳಿ ಅಥವಾ ನ್ಯಾಯಾಲಯದಲ್ಲಿ ಯಾವ ಹಂತದಲ್ಲಿದೆ ಎಂಬುದು.

ಯಾವ ಪತ್ರಕರ್ತರನ್ನು ಆರಿಸಿಕೊಳ್ಳಬೇಕು?

ಅವರು ಹಿಂದೆ ಬರೆದದ್ದನ್ನು ಓದಿ. ಇಂಥದ್ದೇ ವಿಷಯದ ನಾಲ್ಕೈದು ವರದಿಗಳನ್ನು ಹುಡುಕಿ ನೋಡಿದರೆ ಸಾಕು. ಸಂತ್ರಸ್ತರ ವಯಸ್ಸು, ಓಣಿ, ಜಾತಿ ಎಲ್ಲ ಹಾಕುತ್ತಾರೆಯೇ? ಆರೋಪಿ ಕಡೆಯ ಪ್ರತಿಕ್ರಿಯೆ ಕೇಳಿದ್ದಾರೆಯೇ? ಮೊದಲ ದಿನದ ಸುದ್ದಿ ಹಾಕಿ ಕೈತೊಳೆದುಕೊಂಡರೋ, ಬೆನ್ನುಹತ್ತಿ ಮುಂದಿನ ಬೆಳವಣಿಗೆಯನ್ನೂ ಬರೆದರೋ? ಅಪರಾಧ ಸುದ್ದಿ ಮಾಡುವವರಿಗೆ ವೇಗ ಮುಖ್ಯ, ಸಂಜೆಯೊಳಗೆ ಎಫ್‌ಐಆರ್ ಪ್ರತಿ ಬೇಕು. ಆರೋಗ್ಯ, ಶಿಕ್ಷಣ, ಸಮಾಜ ಕಲ್ಯಾಣ ನೋಡುವವರಿಗೆ ಅಥವಾ ವಾರದ ಪುರವಣಿಗೆ ಬರೆಯುವವರಿಗೆ ಸ್ವಲ್ಪ ಕಾಲಾವಕಾಶ ಇರುತ್ತದೆ. ಸೂಕ್ಷ್ಮ ವಿಷಯಕ್ಕೆ ಸಾಮಾನ್ಯವಾಗಿ ಈ ಎರಡನೆಯವರೇ ಸರಿ.

ಇನ್ನೊಂದು ಮಾತು ಅನೇಕರಿಗೆ ಹೊಳೆಯುವುದಿಲ್ಲ. ವರದಿಗಾರರು ಬರೆದದ್ದೇ ಅಚ್ಚಾಗುವುದಿಲ್ಲ. ಡೆಸ್ಕ್‌ನಲ್ಲಿ ಉಪಸಂಪಾದಕರು ಅದನ್ನು ಕತ್ತರಿಸುತ್ತಾರೆ, ಶೀರ್ಷಿಕೆ ಕೊಡುತ್ತಾರೆ, ಫೋಟೊ ಆರಿಸುತ್ತಾರೆ. ವರದಿ ಸಂಯಮದಿಂದ ಕೂಡಿದ್ದು ಶೀರ್ಷಿಕೆ ಮಾತ್ರ ಕಿರುಚುವುದು ಹೀಗೆಯೇ. ಅದಕ್ಕಾಗಿ "ಈ ಷರತ್ತುಗಳು ಡೆಸ್ಕ್‌ಗೂ ತಲುಪಬೇಕು, ಯಾರಿಗೆ ಹೇಳಬೇಕು?" ಎಂದು ವರದಿಗಾರರನ್ನೇ ಮೊದಲು ಕೇಳಿಡಿ. ಒಳ್ಳೆಯ ವರದಿಗಾರರು ಈ ಪ್ರಶ್ನೆಯನ್ನು ಸ್ವಾಗತಿಸುತ್ತಾರೆ.

ಪತ್ರಕರ್ತರ ವಾಟ್ಸಾಪ್ ಗುಂಪಿಗೆ ಪ್ರಕಟಣೆ ಹಾಕಿದರೆ ಸುಲಭವಲ್ಲವೇ?

ಶಿಬಿರದ ಸುದ್ದಿಗೆ ಸರಿ, ಇಂಥ ವಿಷಯಕ್ಕೆ ಬೇಡ. ಗುಂಪಿಗೆ ಹಾಕಿದ ಮರುಕ್ಷಣ ಅದು ಬೇರೆ ಗುಂಪುಗಳಿಗೆ ಹೋಗುತ್ತದೆ. ಅಳಿಸಿದರೂ ಅಷ್ಟರೊಳಗೆ ಸ್ಕ್ರೀನ್‌ಶಾಟ್ ಆಗಿರುತ್ತದೆ. ದೂರಿನ ಪ್ರತಿ, ವೈದ್ಯಕೀಯ ವರದಿ, ಆಧಾರ್ ಸಂಖ್ಯೆ ಇರುವ ಕಾಗದವನ್ನು ಫೋನಿನಲ್ಲಿ ಯಾರಿಗೂ ಕಳಿಸಬೇಡಿ. ಪತ್ರಕರ್ತರು ದಾಖಲೆ ಪರಿಶೀಲಿಸಲೇಬೇಕೆಂದರೆ ಕಚೇರಿಗೆ ಕರೆದು, ಹೆಸರು ವಿಳಾಸ ಮುಚ್ಚಿದ ಪ್ರತಿಯನ್ನು ತೋರಿಸಿ. ಕಂಪ್ಯೂಟರಿನಲ್ಲಿ ಪಿಡಿಎಫ್ ಮೇಲೆ ಕಪ್ಪು ಪಟ್ಟಿ ಎಳೆದರೆ ಅಡಿಯ ಅಕ್ಷರ ಹಾಗೆಯೇ ಉಳಿದಿರುವುದುಂಟು, ಆಯ್ದು ಕಾಪಿ ಮಾಡಿದರೆ ಹೊರಬರುತ್ತದೆ. ಮುದ್ರಿಸಿ, ಮಾರ್ಕರಿನಿಂದ ಮುಚ್ಚಿ, ಅದರ ಜೆರಾಕ್ಸ್ ತೆಗೆದು, ಆ ಜೆರಾಕ್ಸನ್ನು ಬೆಳಕಿಗೆ ಹಿಡಿದು ನೋಡುವುದು ನಂಬಬಹುದಾದ ದಾರಿ.

ಮೊದಲ ಸಂದೇಶದಲ್ಲಿ ಏನು ಬರೆಯಬೇಕು?

ಸುದ್ದಿ ಏನು, ಏಕೆ ಈಗ, ನಿಮ್ಮಲ್ಲಿ ಯಾವ ಆಧಾರವಿದೆ, ಯಾರು ಮಾತನಾಡುತ್ತಾರೆ, ಷರತ್ತೇನು ಇಷ್ಟನ್ನು ಬರೆಯಿರಿ. ಸಂತ್ರಸ್ತರನ್ನು ಗುರುತಿಸಬಹುದಾದ ಒಂದು ಅಕ್ಷರವೂ ಮೊದಲ ಸಂದೇಶದಲ್ಲಿ ಇರಕೂಡದು, ಏಕೆಂದರೆ ಅವರು ಇನ್ನೂ ಯಾವುದಕ್ಕೂ ಒಪ್ಪಿಲ್ಲ. ಮಾದರಿ ಹೀಗಿರಬಹುದು:

"ನಮಸ್ಕಾರ ಮೇಡಂ. ಮನೆಯಲ್ಲಿ ಹಲ್ಲೆಗೊಳಗಾಗಿ ರಾತ್ರಿ ಹೊರಬರುವ ಹೆಣ್ಣುಮಕ್ಕಳಿಗೆ ಬೆಳಗಿನವರೆಗೆ ಇರಲು ಜಾಗವಿಲ್ಲ. ಆಶ್ರಯ ಕೇಂದ್ರದಲ್ಲಿ ಸಂಜೆ ಆರರ ನಂತರ ದಾಖಲು ಮಾಡಿಕೊಳ್ಳುವುದಿಲ್ಲ. ಇದರ ಆರು ತಿಂಗಳ ದಾಖಲೆ ನಮ್ಮಲ್ಲಿದೆ. ಮಹಿಳೆಯೊಬ್ಬರು ಹೆಸರು, ಮುಖ, ಊರು ಬಾರದ ಷರತ್ತಿನ ಮೇಲೆ ಮಾತನಾಡುವ ಬಗ್ಗೆ ಯೋಚಿಸುತ್ತಿದ್ದಾರೆ. ಮೊದಲು ನಾವಿಬ್ಬರೂ ಷರತ್ತುಗಳನ್ನು ಮಾತನಾಡಿಕೊಳ್ಳೋಣ, ಭೇಟಿ ಆಮೇಲೆ. ಈ ವಿಷಯವನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ನಿಮಗೆ ಆಸಕ್ತಿಯಿದ್ದರೆ ಗುರುವಾರದೊಳಗೆ ತಿಳಿಸಿ."

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ ಕಳಿಸಿ. ಸಂಜೆ ಪುಟ ಕಟ್ಟುವ ಹೊತ್ತಿಗೆ ಫೋನ್ ಮಾಡಿದರೆ ಅವಸರದ ಉತ್ತರವೇ ಸಿಗುತ್ತದೆ. ಎರಡು ದಿನ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ಮತ್ತೂ ಬಾರದಿದ್ದರೆ ಇನ್ನೊಬ್ಬರ ಬಳಿ ಹೋಗಬಹುದು. "ಬೇರೆ ಯಾರಿಗೂ ಕೊಟ್ಟಿಲ್ಲ" ಎಂದು ಬರೆದ ಮೇಲೆ ಆ ಗಡುವಿನ ತನಕ ಬೇರೆಯವರಿಗೆ ಕೊಡಕೂಡದು. ಆ ಮಾತು ಒಮ್ಮೆ ಮುರಿದರೆ ಮುಂದಿನ ಫೋನ್ ಯಾರೂ ಎತ್ತುವುದಿಲ್ಲ.

ಸಂತ್ರಸ್ತರ ಒಪ್ಪಿಗೆ ಪಡೆಯುವುದು ಹೇಗೆ? ಸಹಿ ಹಾಕಿಸಿಕೊಂಡರೆ ಸಾಕೇ?

ಸಾಲದು. ಸಂಸ್ಥೆಯಿಂದ ನೆರವು ಪಡೆಯುತ್ತಿರುವವರು "ಇಲ್ಲ" ಎನ್ನಲು ಅಂಜುತ್ತಾರೆ. ಉಳಿಯಲು ಜಾಗ ಕೊಟ್ಟವರೇ ಕೇಳಿದರೆ ಹೂಂ ಎನ್ನದೆ ಇನ್ನೇನು ಮಾಡಿಯಾರು? ಹಾಗಾಗಿ ನೆರವು ಕೊಡುವವರೇ ಒಪ್ಪಿಗೆ ಕೇಳಬಾರದು, ಸಂಸ್ಥೆಯ ಬೇರೊಬ್ಬರು ಕೇಳಲಿ. ಮೊದಲ ಮಾತೇ ಹೀಗಿರಲಿ: "ನೀವು ಬೇಡ ಅಂದರೂ ಇಲ್ಲಿ ಸಿಗುವ ಸಹಾಯದಲ್ಲಿ ಏನೂ ಬದಲಾಗುವುದಿಲ್ಲ."

ಕನಿಷ್ಠ ಎರಡು ಸಲ ಮಾತನಾಡಿ, ನಡುವೆ ಒಂದೆರಡು ದಿನ ಬಿಡಿ. ಮೊದಲ ಸಲ ವಿವರಿಸುವುದು ಮಾತ್ರ, ಉತ್ತರ ಕೇಳಬೇಡಿ. ಎಲ್ಲಿ ಬರುತ್ತದೆ, ಯಾರೆಲ್ಲ ಓದಬಹುದು, ಅಂತರ್ಜಾಲದಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಅವರ ಆಡುಮಾತಿನಲ್ಲಿ ಹೇಳಿ. "ಜನ ಓದುತ್ತಾರೆ" ಎಂದರೆ ಯಾರಿಗೂ ಏನೂ ಅನಿಸುವುದಿಲ್ಲ. "ನಿಮ್ಮ ಅತ್ತೆ ಓದಿದರೆ? ಮಗಳ ಶಾಲೆಯಲ್ಲಿ ಯಾರಾದರೂ ಫೋನಿನಲ್ಲಿ ತೋರಿಸಿದರೆ? ಹತ್ತು ವರ್ಷದ ಮೇಲೆ ಮದುವೆ ಮಾತುಕತೆಗೆ ಬಂದವರು ಹುಡುಕಿದರೆ?" ಎಂದು ಕೇಳಿದಾಗ ನಿಜವಾದ ಯೋಚನೆ ಶುರುವಾಗುತ್ತದೆ.

ಒಪ್ಪಿಗೆಯನ್ನು ಒಟ್ಟಿಗೆ ಕೇಳದೆ ಬಿಡಿಬಿಡಿಯಾಗಿ ಬರೆಸಿ. ಪತ್ರಿಕೆಗೆ ಒಪ್ಪಿದವರು ಟಿವಿಗೆ ಒಪ್ಪದಿರಬಹುದು. ಮಾತಿಗೆ ಒಪ್ಪಿ ಕೈಯ ಫೋಟೊಗೂ ಬೇಡ ಎನ್ನಬಹುದು. ಈ ವರದಿಗೆ ಕೊಟ್ಟ ಒಪ್ಪಿಗೆ ನಿಮ್ಮ ಫೇಸ್‌ಬುಕ್ ಪುಟಕ್ಕೋ ದೇಣಿಗೆ ಕರಪತ್ರಕ್ಕೋ ಅನ್ವಯಿಸುವುದಿಲ್ಲ. ಓದಲು ಬಾರದವರಿಗೆ ಕಾಗದ ಓದಿ ಹೇಳಿ, ಅವರು ನಂಬುವ ಒಬ್ಬರು ಪಕ್ಕದಲ್ಲಿರಲಿ. ಯಾವ ಗಳಿಗೆಯವರೆಗೆ ಹಿಂದೆ ಸರಿಯಬಹುದು ಎಂಬುದನ್ನು ಪತ್ರಕರ್ತರಿಂದಲೇ ಕೇಳಿ ತಿಳಿದು, ಅದನ್ನೇ ಸಂತ್ರಸ್ತರಿಗೆ ಹೇಳಿ. ಅಚ್ಚಾದ ಮೇಲೆ ಹಿಂತೆಗೆದುಕೊಳ್ಳಲು ಆಗುವುದಿಲ್ಲ ಎಂಬ ಮಾತನ್ನು ಮುಚ್ಚಿಡಬೇಡಿ.

ಮಕ್ಕಳ ವಿಷಯದಲ್ಲಿ ಪೋಷಕರು ಒಪ್ಪಿದರೂ ಮಗು ಬೇಡ ಎಂದರೆ ಅಲ್ಲಿಗೆ ಮುಗಿಯಿತು. ದೌರ್ಜನ್ಯ ಎಸಗಿದವರು ಮನೆಯವರೇ ಆಗಿದ್ದರೆ ಪೋಷಕರ ಒಪ್ಪಿಗೆಗೆ ಬೆಲೆಯೇ ಇಲ್ಲ. ಘಟನೆ ನಡೆದು ಕೆಲವೇ ದಿನಗಳಾಗಿದ್ದು ಇನ್ನೂ ಆಘಾತದಲ್ಲಿರುವವರನ್ನು ಕೇಳಲೇಬೇಡಿ.

ಹೆಸರು ಬದಲಿಸಿದರೆ ಗುರುತು ಮುಚ್ಚಿದಂತೆ ಅಲ್ಲವೇ?

ಹೆಚ್ಚಿನ ಅನಾಹುತ ಇಲ್ಲೇ ಆಗುವುದು. ಒಂದು ಸಾಲು ನೋಡಿ: "ಮೂವತ್ನಾಲ್ಕು ವರ್ಷದ ಶಾಲಾ ಶಿಕ್ಷಕಿ, ಅವಳಿ ಮಕ್ಕಳ ತಾಯಿ, ಗಂಡ ಬಸ್ ಚಾಲಕ." ಹೆಸರಿಲ್ಲ, ಊರಿನ ಹೆಸರೂ ಇಲ್ಲ. ಆದರೆ ಆ ಸುತ್ತಿನಲ್ಲಿ ಅವಳಿ ಮಕ್ಕಳಿರುವ ಶಿಕ್ಷಕಿ ಒಬ್ಬರೇ ಇರುತ್ತಾರೆ. ಒಂದೊಂದೇ ವಿವರ ನಿರಪಾಯ, ಮೂರು ಸೇರಿದರೆ ಮನೆ ವಿಳಾಸ. ಅದನ್ನೇ "ಮೂವತ್ತು ದಾಟಿದ, ಕೆಲಸಕ್ಕೆ ಹೋಗುವ ತಾಯಿ" ಎಂದರೆ ವರದಿಯ ಬಲ ಕಡಿಮೆಯಾಗದು, ಗುರುತು ಮಾತ್ರ ಹೋಗುತ್ತದೆ.

ಕರಡು ಟಿಪ್ಪಣಿಯನ್ನು ನೆರೆಮನೆಯವರ, ಸಹೋದ್ಯೋಗಿಯ, ಆರೋಪಿಯ ಕಣ್ಣಿನಿಂದ ಬೇರೆ ಬೇರೆಯಾಗಿ ಓದಿ. ಆರೋಪಿಗೆ ಮಾತ್ರ ಗೊತ್ತಿರುವ ಒಂದು ವಿವರ, ಅಂದು ಮುರಿದ ವಸ್ತು ಯಾವುದು, ಓಡಿಹೋದದ್ದು ಯಾವ ಬಾಗಿಲಿನಿಂದ ಎಂಬಂಥದ್ದು, ಬಾಯಿಬಿಟ್ಟವರು ಯಾರೆಂದು ಆತನಿಗೆ ಹೇಳಿಬಿಡುತ್ತದೆ. ಸಂಬಂಧಿಯೇ ಆರೋಪಿಯಾಗಿರುವಾಗ ಆತನ ಹೆಸರು ಹಾಕಿದರೂ ಸಂತ್ರಸ್ತರ ಹೆಸರು ಹಾಕಿದಂತೆಯೇ.

ಒಂದು ಪತ್ರಿಕೆ ವಯಸ್ಸು ಹಾಕಿ ಬಡಾವಣೆ ಬಿಡುತ್ತದೆ, ಇನ್ನೊಂದು ಬಡಾವಣೆ ಹಾಕಿ ವಯಸ್ಸು ಬಿಡುತ್ತದೆ. ಎರಡನ್ನೂ ಓದಿದವರಿಗೆ ಎರಡೂ ಸಿಕ್ಕಿತು. ಆದ್ದರಿಂದ ಯಾರೇ ಕೇಳಲಿ, ಒಂದೇ ಟಿಪ್ಪಣಿಯ ಅವೇ ವಿವರಗಳನ್ನು ಕೊಡಿ. ಗುರುತು ಮರೆಸಲು ವೃತ್ತಿಯನ್ನೋ ಮಕ್ಕಳ ಸಂಖ್ಯೆಯನ್ನೋ ಬದಲಿಸಬೇಕೆನಿಸಿದರೆ ಅದನ್ನು ಪತ್ರಕರ್ತರಿಗೆ ತಿಳಿಸಿಯೇ ಮಾಡಿ. "ಕೆಲವು ವಿವರಗಳನ್ನು ಬದಲಿಸಲಾಗಿದೆ" ಎಂದು ಅವರು ಓದುಗರಿಗೆ ಹೇಳಬೇಕಾಗುತ್ತದೆ. ಅವರಿಗೆ ಗೊತ್ತಿಲ್ಲದೆ ಬದಲಿಸಿದರೆ ಅದು ಸುಳ್ಳು. ವಿವರ ಬದಲಿಸುವುದಕ್ಕಿಂತ ಬಿಡುವುದೇ ಮೇಲು.

ಫೋಟೊ ಮತ್ತು ವಿಡಿಯೊಗೆ ಏನು ಮಾಡಬೇಕು?

ಮುಖ ಬ್ಲರ್ ಮಾಡುವುದನ್ನು ಎಡಿಟಿಂಗ್‌ಗೆ ಬಿಡಬೇಡಿ. ಅವಸರದಲ್ಲಿ ಮರೆತುಹೋಗುತ್ತದೆ, ಮೂಲ ಚಿತ್ರ ಆರ್ಕೈವ್‌ನಲ್ಲಿ ಉಳಿದು ಮುಂದೊಂದು ದಿನ ಬೇರಾವುದೋ ಸುದ್ದಿಯಲ್ಲಿ ತೇಲುತ್ತದೆ. ಮುಖ ಕ್ಯಾಮೆರಾಗೆ ಬೀಳದಂತೆಯೇ ಚಿತ್ರೀಕರಿಸಲು ಹೇಳಿ. ಕಿಟಕಿಗೆ ಬೆನ್ನು ಮಾಡಿ ಕೂರಿಸಿ ನೆರಳುಚಿತ್ರ ತೆಗೆಯುವುದು ರೂಢಿ, ಆದರೆ ಬೆಳಕು ಹೆಚ್ಚಿಸಿದರೆ ಮುಖ ಕಾಣುವುದುಂಟು. ತೆಗೆದ ಕೂಡಲೇ ಕ್ಯಾಮೆರಾ ಪರದೆಯಲ್ಲಿ ನೋಡಿ. ಮುಖ ಮರೆಯಾದರೂ ಹಚ್ಚೆ, ಉಂಗುರ, ಬಳೆ, ಮೊಣಕೈಯ ಗಾಯದ ಗುರುತು, ಹಿಂದಿನ ಗೋಡೆಯ ಕ್ಯಾಲೆಂಡರಿನ ಅಂಗಡಿ ಹೆಸರು, ಮಗುವಿನ ಶಾಲಾ ಸಮವಸ್ತ್ರ ಇವೆಲ್ಲ ಮಾತನಾಡುತ್ತವೆ. ನಿತ್ಯ ಉಡುವ ಸೀರೆ ಬೇಡ, ಬೇರೆಯವರದ್ದು ಕೊಡಿ.

ದನಿಯೂ ಗುರುತೇ. ದನಿಯನ್ನು ದಪ್ಪವೋ ತೆಳುವೋ ಮಾಡಿದ್ದನ್ನು ಮತ್ತೆ ಹಿಂದಕ್ಕೆ ತಿರುಗಿಸಲು ಸಾಧ್ಯವಿರುವುದರಿಂದ, ಅವರ ಮಾತನ್ನು ಇನ್ನೊಬ್ಬರು ಓದಿ ಧ್ವನಿಮುದ್ರಿಸುವುದು ಸುರಕ್ಷಿತ. ಫೋನಿನಲ್ಲಿ ತೆಗೆದ ಫೋಟೊದ ಕಡತದೊಳಗೆ ತೆಗೆದ ಜಾಗ, ಸಮಯ ಅಡಗಿರುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಯೇ ತೆಗೆಯಿರಿ. ಆಶ್ರಯ ಕೇಂದ್ರದ ಹೊರನೋಟ, ಗೇಟು, ಬೋರ್ಡು, ಎದುರಿನ ರಸ್ತೆ ಯಾವುದೂ ಬೇಡ. ಅಲ್ಲಿ ಉಳಿದವರೂ ಇದ್ದಾರೆ, ಅವರು ಒಪ್ಪಿಗೆ ಕೊಟ್ಟಿಲ್ಲ.

"ಆಫ್ ದಿ ರೆಕಾರ್ಡ್" ಎಂದರೆ ಏನು ಬೇಕಾದರೂ ಹೇಳಬಹುದೇ?

ಖಂಡಿತ ಬೇಡ. ಒಬ್ಬೊಬ್ಬ ಪತ್ರಕರ್ತರು ಅದಕ್ಕೆ ಒಂದೊಂದು ಅರ್ಥ ಇಟ್ಟುಕೊಂಡಿರುತ್ತಾರೆ. ಪ್ರಕಟಿಸುವಂತಿಲ್ಲ ಎಂದು ಕೆಲವರು, ಹೆಸರು ಹಾಕದೆ ಬಳಸಬಹುದು ಎಂದು ಮತ್ತೆ ಕೆಲವರು. ಆ ಮಾತು ಆಡುವ ಬದಲು ಬಿಡಿಸಿ ಕೇಳಿ: "ಇದನ್ನು ಬರೆಯಬಹುದೇ? ಬರೆದರೆ ಯಾರು ಹೇಳಿದ್ದೆಂದು ಬರೆಯುತ್ತೀರಿ?" ಉತ್ತರ ಬಂದ ಮೇಲೆಯೇ ಬಾಯಿಬಿಡಿ, ಒಪ್ಪಿದ್ದನ್ನು ಅಂದೇ ಒಂದು ಸಂದೇಶದಲ್ಲಿ ಬರೆದು ಕಳಿಸಿ. ಹೇಳಿ ಮುಗಿಸಿದ ಮೇಲೆ "ಇದು ಆಫ್ ದಿ ರೆಕಾರ್ಡ್" ಎಂದರೆ ಅದಕ್ಕೆ ಅವರು ಕಟ್ಟುಬೀಳಬೇಕಿಲ್ಲ. ರೆಕಾರ್ಡರ್ ಆಫ್ ಆದ ಮೇಲೆ ಗೇಟಿನವರೆಗೆ ಬಿಡಲು ಹೋಗುವಾಗ ಆಡಿದ ಮಾತೂ ಸಂದರ್ಶನದ ಭಾಗವೇ.

ಪ್ರಕಟವಾಗುವ ಮುನ್ನ ವರದಿಯನ್ನು ತೋರಿಸಿ ಎನ್ನಬಹುದೇ?

ಪೂರ್ತಿ ವರದಿ ತೋರಿಸಲು ಬಹುತೇಕ ಪತ್ರಿಕೆಗಳು ಒಪ್ಪುವುದಿಲ್ಲ, ಅದು ಸರಿಯೂ ಹೌದು. ಆದರೆ ಸಂತ್ರಸ್ತರ ಗುರುತಿಗೆ ಸಂಬಂಧಿಸಿದ ಸಾಲುಗಳನ್ನೂ ಅವರ ಉಲ್ಲೇಖಗಳನ್ನೂ ಫೋನಿನಲ್ಲಿ ಓದಿ ಹೇಳಲು ಕೇಳಬಹುದು. "ಸುರಕ್ಷತೆಗಾಗಿ ಮಾತ್ರ, ನಿಮ್ಮ ಅಭಿಪ್ರಾಯ ತಿದ್ದಲು ಅಲ್ಲ" ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪಿದವರ ಮುಂದೆ ವಾಕ್ಯರಚನೆ ತಿದ್ದಲು, ಸಂಸ್ಥೆಯನ್ನು ಹೊಗಳಿಸಲು ಹೋಗಬೇಡಿ.

ಸಂದರ್ಶನದ ದಿನ ಏನೇನು ನೋಡಿಕೊಳ್ಳಬೇಕು?

ಮನೆಯಲ್ಲಿ ಬೇಡ, ಕ್ಯಾಮೆರಾ ಹೊತ್ತ ಗಾಡಿ ಬಾಗಿಲಿಗೆ ಬಂದರೆ ಅಷ್ಟೇ ಸಾಕು ಊರಿಗೆಲ್ಲ ಗೊತ್ತಾಗಲು. ತಟಸ್ಥ ಜಾಗದಲ್ಲಿ ಒಂದು ಕೋಣೆ, ನೀರು, ಬಾಗಿಲಿನ ಹತ್ತಿರದ ಕುರ್ಚಿ ಸಂತ್ರಸ್ತರಿಗೆ. ಜೊತೆಗೆ ಅವರೇ ಆರಿಸಿದ ಒಬ್ಬರು. ಪ್ರಶ್ನೆಗಳ ವಿಷಯವನ್ನು ಮೊದಲೇ ತಿಳಿದುಕೊಂಡು ಅವರಿಗೆ ಹೇಳಿ. "ಆಗ ಏನನ್ನಿಸಿತು, ಪೂರ್ತಿ ಹೇಳಿ" ಎಂದು ಘಟನೆಯನ್ನು ಮತ್ತೆ ಕೆದಕುವ ಪ್ರಶ್ನೆ ಬೇಡವೆಂದು ಪತ್ರಕರ್ತರಿಗೆ ತಿಳಿಸಿ. ಘಟನೆಯ ವಿವರ ಟಿಪ್ಪಣಿಯಲ್ಲಿದೆ, ಮುಂದೇನಾಯಿತು, ಎಲ್ಲಿ ಸಹಾಯ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎಂಬುದನ್ನು ಅವರು ಹೇಳಲಿ. ನಿಲ್ಲಿಸಬೇಕೆನಿಸಿದರೆ ಒಂದು ಸನ್ನೆ ಗೊತ್ತುಮಾಡಿಕೊಳ್ಳಿ, ಕೈ ಮೇಜಿನ ಮೇಲಿಟ್ಟರೆ ವಿರಾಮ ಎಂದರೂ ಆದೀತು. ಮುಕ್ಕಾಲು ಗಂಟೆ ಮೀರಿಸಬೇಡಿ. ಅಂದು ರಾತ್ರಿಯೂ ಮರುದಿನವೂ ಒಬ್ಬರು ಅವರಿಗೆ ಫೋನ್ ಮಾಡಲಿ.

ಆತ್ಮಹತ್ಯೆಯ ವಿಷಯವಾದರೆ?

ಇಲ್ಲಿ ವರದಿಯ ಪದಗಳೇ ಜೀವ ಉಳಿಸಬಲ್ಲವು, ತೆಗೆಯಲೂಬಲ್ಲವು. 1987ರಲ್ಲಿ ವಿಯೆನ್ನಾದ ಪತ್ರಿಕೆಗಳು ಮೆಟ್ರೊದಲ್ಲಿನ ಆತ್ಮಹತ್ಯೆಗಳ ಅಬ್ಬರದ ವರದಿಯನ್ನು ಕೈಬಿಟ್ಟ ಮೇಲೆ ಅಲ್ಲಿನ ಅಂಥ ಸಾವುಗಳು ಗಣನೀಯವಾಗಿ ಇಳಿದವು. ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗಾಗಿ ಮಾರ್ಗಸೂಚಿ ಹೊರಡಿಸಿದೆ, 2023ರಲ್ಲಿ ಅದನ್ನು ಪರಿಷ್ಕರಿಸಿದೆ. ಭಾರತದ ಪತ್ರಿಕಾ ಮಂಡಳಿ 2019ರಲ್ಲಿ ಅದರ ಆಧಾರದ ಮೇಲೆ ತನ್ನ ಮಾರ್ಗಸೂಚಿ ಪ್ರಕಟಿಸಿದೆ. ಸಾರ ಇಷ್ಟು: ವಿಧಾನ, ಜಾಗ, ಪತ್ರದ ಸಾಲುಗಳು ಬೇಡ, ಶೀರ್ಷಿಕೆಯಲ್ಲಿ ಅಬ್ಬರ ಬೇಡ, "ಅಂಕ ಕಡಿಮೆ ಬಂದದ್ದಕ್ಕೆ" ಎಂದು ಒಂದೇ ಕಾರಣಕ್ಕೆ ಕಟ್ಟಿಹಾಕಬೇಡಿ. ನಿಮ್ಮ ವಕ್ತಾರರು ವಿಧಾನವನ್ನು ಬಾಯಲ್ಲೇ ಆಡದಿದ್ದರೆ ಅದು ಉಲ್ಲೇಖವಾಗಿ ಬರುವ ಭಯವೂ ಇಲ್ಲ. ಅಂಥ ಗಳಿಗೆಯನ್ನು ದಾಟಿ ಬದುಕಿದವರ ಅನುಭವ ಓದುಗರಿಗೆ ಬಲ ಕೊಡುತ್ತದೆ. ಸಹಾಯವಾಣಿ ಸಂಖ್ಯೆ ವರದಿಯ ಜೊತೆಗೇ ಬರಲಿ. ಭಾರತದಲ್ಲಿ ಟೆಲಿ ಮಾನಸ್ 14416, ಮಕ್ಕಳಿಗೆ 1098. ಸುದ್ದಿ ಬರುವ ದಿನ ನಿಮ್ಮ ಸ್ವಂತ ಸಹಾಯವಾಣಿಯಲ್ಲಿ ಹೆಚ್ಚು ಜನ ಕುಳಿತಿರಬೇಕು. ಸಂಖ್ಯೆ ಕೊಟ್ಟು ಫೋನ್ ಎತ್ತದಿದ್ದರೆ ಕೊಡದಿರುವುದಕ್ಕಿಂತ ಕೆಟ್ಟದ್ದು.

ಕಾನೂನು ಏನು ಹೇಳುತ್ತದೆ?

ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಅತ್ಯಾಚಾರ ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅಡಿ ಅಪರಾಧ, ಎರಡು ವರ್ಷದವರೆಗೆ ಶಿಕ್ಷೆಯಿದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) 2012ರ 23ನೇ ಕಲಂ ಮತ್ತು ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಹೆಸರು, ವಿಳಾಸ, ಶಾಲೆ ಯಾವುದನ್ನೂ ಹೊರಹಾಕಲು ಬಿಡುವುದಿಲ್ಲ. ಪರೋಕ್ಷವಾಗಿ ಗುರುತು ತಿಳಿಯುವಂತೆ ಬರೆಯುವುದೂ ನಿಷಿದ್ಧ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ಸಂತ್ರಸ್ತರು ತೀರಿಕೊಂಡಿದ್ದರೂ ಇದು ಅನ್ವಯಿಸುತ್ತದೆ. ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೊ ಅಥವಾ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ (ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, 24ನೇ ಕಲಂ). ಪೋಕ್ಸೊ ಪ್ರಕರಣವಾದರೆ ಪತ್ರಕರ್ತರಿಗಿಂತ ಮೊದಲು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆರೋಪಿಯ ಹೆಸರು ಹೇಳುವ ಮುನ್ನ ಮಾನನಷ್ಟದ ಬಗ್ಗೆ ವಕೀಲರನ್ನು ಕೇಳಿ.

ಸುದ್ದಿ ಮಾಡಲು ಹಣ ಅಥವಾ ಜಾಹೀರಾತು ಕೇಳಿದರೆ?

ಕೊಡಬೇಡಿ, ಬೇರೆಯವರ ಬಳಿ ಹೋಗಿ. ಹಾಗೆಯೇ ಸಂತ್ರಸ್ತರಿಗೆ ಮಾತನಾಡಲು ಹಣ ಕೊಡಬೇಡಿ. ಪ್ರಯಾಣ ವೆಚ್ಚ ಮತ್ತು ಅಂದು ತಪ್ಪಿದ ಕೂಲಿ ಕೊಡುವುದು ನ್ಯಾಯ, ಅದನ್ನು ಸಂಸ್ಥೆಯೇ ಕೊಡಲಿ.

ವರದಿ ತಪ್ಪಾಗಿ ಬಂದರೆ?

ಮೊದಲ ಫೋನ್ ಸಂತ್ರಸ್ತರಿಗೆ, ಎರಡನೆಯದು ವರದಿಗಾರರಿಗೆ. ಗುರುತು ಬಯಲಾಗಿದ್ದರೆ ಜಾಲತಾಣದ ಪ್ರತಿಯನ್ನು ಆ ಗಂಟೆಯಲ್ಲೇ ತಿದ್ದಿಸಬೇಕು. ಯಾವ ಸಾಲು, ಏಕೆ ಅಪಾಯ, ಏನು ಬದಲಿಸಬೇಕು ಎಂದು ಮೂರು ವಾಕ್ಯ ಬರೆದು ವರದಿಗಾರರಿಗೂ ಸಂಪಾದಕರಿಗೂ ಕಳಿಸಿ. ಫೇಸ್‌ಬುಕ್, ಯೂಟ್ಯೂಬ್ ಪ್ರತಿಗಳನ್ನೂ ತೆಗೆಸಲು ಹೇಳಿ, ಜಾಲತಾಣ ತಿದ್ದಿದರೂ ಅವು ಉಳಿದಿರುತ್ತವೆ. ನಿಮ್ಮ ಪುಟದಲ್ಲಿ ಸಿಟ್ಟಿನಿಂದ ಬರೆದು ಆ ವರದಿಯ ಕೊಂಡಿ ಹಾಕಬೇಡಿ, ನೋಡದವರೂ ನೋಡುತ್ತಾರೆ. ಅಪಾಯ ತಕ್ಷಣದ್ದಾದರೆ ಅವರನ್ನು ಅಂದೇ ಬೇರೆಡೆ ಇರಿಸಲು ವ್ಯವಸ್ಥೆಯಿರಲಿ. ಇದನ್ನು ಸಂದರ್ಶನಕ್ಕೆ ಮುಂಚೆಯೇ ಗೊತ್ತುಮಾಡಿಟ್ಟಿರಬೇಕು.

ಅಂಕಿ ತಪ್ಪಿದ್ದರೆ, ಸಂಸ್ಥೆಯ ಹೆಸರು ತಪ್ಪಿದ್ದರೆ ಸೌಮ್ಯವಾಗಿ ತಿದ್ದುಪಡಿ ಕೇಳಿ. ವರದಿ ನಿಮಗೆ ಹಿಡಿಸಲಿಲ್ಲ, ನಿಮ್ಮ ಸಂಸ್ಥೆಯನ್ನೂ ಪ್ರಶ್ನಿಸಿದೆ ಎಂಬುದು ತಪ್ಪಲ್ಲ.

ವರದಿ ಬಂದ ಮೇಲೆ ನಮ್ಮ ಕೆಲಸ ಮುಗಿಯಿತೇ?

ಇಲ್ಲ. ಪ್ರಕಟವಾಗುವ ದಿನ, ಸಮಯ ಸಂತ್ರಸ್ತರಿಗೆ ಮೊದಲೇ ಗೊತ್ತಿರಬೇಕು. ನಿಮ್ಮ ಪುಟದಲ್ಲಿ ಹಂಚಿದರೆ ಕಾಮೆಂಟ್ ಮುಚ್ಚಿಡಿ, "ಇವರು ಇಂಥವರಲ್ಲವೇ?" ಎಂಬ ಒಂದೇ ಕಾಮೆಂಟ್ ಎಲ್ಲ ಶ್ರಮವನ್ನೂ ಕೆಡಿಸುತ್ತದೆ. ಬೇರೆ ವಾಹಿನಿಗಳು "ಅವರನ್ನೇ ನಮಗೂ ಕೊಡಿ" ಎಂದು ಕೇಳುತ್ತವೆ. ಅದಕ್ಕೆ ಹೊಸದಾಗಿ ಒಪ್ಪಿಗೆ ಬೇಕು, ಸಾಮಾನ್ಯವಾಗಿ ಉತ್ತರ ಬೇಡ ಎಂದೇ ಇರಲಿ. ಸಹಾಯ ಮಾಡಬೇಕೆಂದು ಓದುಗರು ಫೋನ್ ಮಾಡಿ ವಿಳಾಸ ಕೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಕೇಳಿರಬಹುದು, ಕೊಡಬೇಡಿ. ಹುಡುಕುತ್ತಿರುವ ಆರೋಪಿಯೂ ಇದೇ ನೆಪ ಹೇಳಿ ಫೋನ್ ಮಾಡುತ್ತಾನೆ. ಅಂದು ಫೋನ್ ಎತ್ತುವ ಕಾವಲುಗಾರರಿಂದ ಹಿಡಿದು ಎಲ್ಲರಿಗೂ ಒಂದೇ ಉತ್ತರ ಹೇಳಿಕೊಟ್ಟಿರಿ: "ನಿಮ್ಮ ಹೆಸರು, ನಂಬರ್ ಕೊಡಿ, ನಾವೇ ಸಂಪರ್ಕಿಸುತ್ತೇವೆ."